ಸಮಾಧಿಯ ಕಲ್ಲಿಂದ ಸೇಲಂ ಬೆಟ್ಟಕ್ಕೆ: ಕಲ್ಲಿಗೆ ಹೆಸರಿಟ್ಟ ಹಾಲೆಂಡ್ ಸಾಹೇಬರು

ಮೊರಪ್ಪೂರು: ಇಲ್ಲಿಂದ ಸೇಲಂ ಕಡೆ ಹೋಗುವ ರೈಲು ಬೊಮ್ಮಿಡಿ ದಾಟುತ್ತಿದ್ದಂತೆ ಕಿಟಕಿಯಲ್ಲಿ ಶೇರ್ವರಾಯನ್ ಬೆಟ್ಟದ ಸಾಲು ದೊಡ್ಡದಾಗುತ್ತಾ ಬರುತ್ತದೆ. ಮೇಲೆ ಏರ್ಕಾಡು. ಬೇಸಿಗೆಯಲ್ಲಿ ತಂಪು ಹುಡುಕಿಕೊಂಡು ಹೋಗುವವರಿಗೆ ಅದು ಬರೀ ಹಿಲ್ ಸ್ಟೇಷನ್. ಆದರೆ ಯಾವ ದೇಶದಲ್ಲಿ ಭೂವಿಜ್ಞಾನ ಓದುವ ಹುಡುಗನಿಗೂ ಈ ಬೆಟ್ಟದ ಕಲ್ಲಿನ ಹೆಸರು ಗೊತ್ತಿರಲೇಬೇಕು. ಅದರ ಹೆಸರು ಚಾರ್ನೊಕೈಟ್.

ಹೆಸರು ಕೇಳಿದ್ರೆ ನಮ್ಮ ಕಡೆಯದು ಅನ್ನಿಸೋದಿಲ್ಲ. ನಿಜಕ್ಕೂ ಅಲ್ಲ. ಅದು ಕಲ್ಕತ್ತಾದಲ್ಲಿ ಸತ್ತ ಒಬ್ಬ ಇಂಗ್ಲಿಷ್ ವ್ಯಾಪಾರಿಯ ಹೆಸರು. ಆ ಹೆಸರನ್ನು ತಂದು ನಮ್ಮ ಬೆಟ್ಟದ ಕಲ್ಲಿಗೆ ಅಂಟಿಸಿದವರು ಸರ್ ಥಾಮಸ್ ಹೆನ್ರಿ ಹಾಲೆಂಡ್. ಅವರು ತೀರಿಕೊಂಡಿದ್ದು 1947ರ ಮೇ 15ರಂದು, ನಮಗೆ ಸ್ವಾತಂತ್ರ್ಯ ಬರುವುದಕ್ಕೆ ಸರಿಯಾಗಿ ಮೂರು ತಿಂಗಳು ಮೊದಲು. ಅವರು ಕೊಟ್ಟ ಹೆಸರು ಮಾತ್ರ ಉಳಿದಿದೆ. ಅವರು ಕೊಟ್ಟ ವಿವರಣೆ ಪೂರ್ತಿ ಉಳಿಯಲಿಲ್ಲ. ಆ ಕಥೆ ನಮ್ಮ ಧರ್ಮಪುರಿ, ಸೇಲಂ ಕಡೆಯ ಓದುಗರಿಗೆ ಗೊತ್ತಿರಬೇಕಾದದ್ದು.

ಕಾರ್ನ್‌ವಾಲ್‌ನಿಂದ ಕಲ್ಕತ್ತಾಕ್ಕೆ

ಹಾಲೆಂಡ್ ಹುಟ್ಟಿದ್ದು 1868ರ ನವೆಂಬರ್ 22ರಂದು, ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನ ಹೆಲ್‌ಸ್ಟನ್ ಊರಲ್ಲಿ. ಕಾರ್ನ್‌ವಾಲ್ ಅಂದ್ರೆ ತವರ ಮತ್ತು ತಾಮ್ರದ ಗಣಿಗಳ ಸೀಮೆ. ನಮ್ಮ ಕೋಲಾರದ ಚಿನ್ನದ ಗಣಿಗೆ ಕೂಡ ಮೊದಮೊದಲು ಕಸುಬುದಾರರು ಬಂದಿದ್ದು ಅದೇ ಸೀಮೆಯಿಂದ. ಹಾಲೆಂಡರ ಮನೆಯವರು ಮುಂದೆ ಕೆನಡಾಕ್ಕೆ ವಲಸೆ ಹೋದರು. ಹುಡುಗ ಮಾತ್ರ 1884ರಲ್ಲಿ ಸ್ಕಾಲರ್‌ಶಿಪ್ ಗಿಟ್ಟಿಸಿಕೊಂಡು ಲಂಡನ್ನಿನ ವಿಜ್ಞಾನ ಶಾಲೆ ಸೇರಿದ. 1888ರಲ್ಲಿ ಭೂವಿಜ್ಞಾನದಲ್ಲಿ ಮೊದಲ ದರ್ಜೆಯಲ್ಲಿ ಪಾಸಾಗಿ, ಅಲ್ಲಿನ ಪ್ರೊಫೆಸರ್ ಜಡ್ ಅವರ ಕೈಕೆಳಗೆ ಕಲ್ಲು ಪರೀಕ್ಷೆಯ ಕೆಲಸ ಕಲಿತ.

1890ರಲ್ಲಿ ಭಾರತದ ಭೂವಿಜ್ಞಾನ ಸರ್ವೆ ಇಲಾಖೆಯಲ್ಲಿ ನೌಕರಿ ಸಿಕ್ಕಿತು. ಕಲ್ಕತ್ತಾದ ಕಚೇರಿಯಲ್ಲಿ ಮ್ಯೂಸಿಯಂ ಮತ್ತು ಪ್ರಯೋಗಶಾಲೆಯ ಉಸ್ತುವಾರಿ ಅವರ ಪಾಲಿಗೆ ಬಂತು. ಆಗ ವಯಸ್ಸು ಇನ್ನೂ 22 ತುಂಬಿರಲಿಲ್ಲ. ದೇಶದ ಮೂಲೆ ಮೂಲೆಯಿಂದ ಬಂದ ಕಲ್ಲಿನ ತುಂಡುಗಳಿಗೆ ಚೀಟಿ ಅಂಟಿಸಿ, ಪುಸ್ತಕದಲ್ಲಿ ಬರೆದು, ಕಪಾಟಿನಲ್ಲಿಡುವುದು ಅಲ್ಲಿನ ದಿನನಿತ್ಯದ ಕೆಲಸ. ಅಂಗಡಿಯ ಸ್ಟಾಕ್ ರಿಜಿಸ್ಟರ್ ಬರೆದ ಹಾಗೆ. ಜೊತೆಗೆ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠವನ್ನೂ ಹೇಳುತ್ತಿದ್ದರು.

ಕಲ್ಲನ್ನು ಓದುವುದು ಹೇಗೆ?

ಹಾಲೆಂಡ್ ಬರುವ ಹೊತ್ತಿಗೆ ಕಲ್ಲಿನ ವಿದ್ಯೆಯಲ್ಲಿ ಒಂದು ಹೊಸ ದಾರಿ ತೆರೆದಿತ್ತು. ಹಿಂದಿನವರು ಕಲ್ಲನ್ನು ಸುತ್ತಿಗೆಯಿಂದ ಒಡೆದು, ಬರಿಗಣ್ಣಲ್ಲಿ ಅಥವಾ ಭೂತಗನ್ನಡಿಯಲ್ಲಿ ನೋಡಿ ತೀರ್ಮಾನ ಮಾಡುತ್ತಿದ್ದರು. ಹೊಸಬರು ಕಲ್ಲಿನ ಚೂರನ್ನು ಗಾಜಿನ ಪಟ್ಟಿಗೆ ಅಂಟಿಸಿ, ಸಾಣೆ ಪುಡಿ ಹಾಕಿ ತಿಕ್ಕಿ ತಿಕ್ಕಿ ಕಾಗದಕ್ಕಿಂತ ತೆಳ್ಳಗೆ ಮಾಡುತ್ತಿದ್ದರು. ಒಂದು ಮಿಲಿಮೀಟರಿನ ನೂರರಲ್ಲಿ ಮೂರು ಪಾಲಿನಷ್ಟು ತೆಳುವಾದಾಗ ಕರಿ ಕಲ್ಲು ಕೂಡ ಬೆಳಕು ಬಿಡುತ್ತದೆ. ಅದನ್ನು ಸೂಕ್ಷ್ಮದರ್ಶಕದಡಿ ಇಟ್ಟು ತಿರುಗಿಸಿದರೆ ಒಳಗಿನ ಒಂದೊಂದು ಖನಿಜವೂ ತನ್ನದೇ ಬಣ್ಣ ತೋರಿಸುತ್ತದೆ.

ಇನ್ನೊಂದು ದಾರಿ ರಸಾಯನದ್ದು. ಕಲ್ಲನ್ನು ಪುಡಿ ಮಾಡಿ, ಕರಗಿಸಿ, ಸೋಸಿ, ಸುಟ್ಟು, ತೂಗಿ, ಅದರಲ್ಲಿ ಸಿಲಿಕಾ ಎಷ್ಟು, ಕಬ್ಬಿಣ ಎಷ್ಟು, ಮೆಗ್ನೀಷಿಯಂ ಎಷ್ಟು, ಸುಣ್ಣ ಎಷ್ಟು ಅಂತ ಲೆಕ್ಕ ಹಾಕುವುದು. ಇವತ್ತು ಯಂತ್ರ ನಿಮಿಷಗಳಲ್ಲಿ ಕೊಡುವ ಲೆಕ್ಕಕ್ಕೆ ಆಗ ದಿನಗಟ್ಟಲೆ ಕೂರಬೇಕಿತ್ತು. ಹಾಲೆಂಡ್ ಈ ಎರಡೂ ದಾರಿಯಲ್ಲಿ ನುರಿತವರು.

ಚಾರ್ನಾಕನ ಗೋರಿ

ಕಲ್ಕತ್ತಾದ ಸೇಂಟ್ ಜಾನ್ಸ್ ಚರ್ಚಿನ ಅಂಗಳದಲ್ಲಿ ಒಂದು ಹಳೆ ಗೋರಿ ಇದೆ. ಜಾಬ್ ಚಾರ್ನಾಕ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರಿಯದ್ದು. 1690ರಲ್ಲಿ ಕಲ್ಕತ್ತಾ ನಗರ ಕಟ್ಟಿದವನು ಅವನೇ ಅಂತ ಬಹಳ ಕಾಲ ಪಠ್ಯಪುಸ್ತಕಗಳಲ್ಲಿ ಬರೆದಿರುತ್ತಿತ್ತು. ಅವನಿಗಿಂತ ಮೊದಲೇ ಅಲ್ಲಿ ಊರುಗಳಿದ್ದವು, ಅವನನ್ನು ಸ್ಥಾಪಕ ಅನ್ನುವಂತಿಲ್ಲ ಅಂತ ಅಲ್ಲಿನ ಹೈಕೋರ್ಟು 2003ರಲ್ಲಿ ತೀರ್ಪು ಕೊಟ್ಟಿತು. ಅದು ಬೇರೆ ವಿಷಯ. ಚಾರ್ನಾಕ್ ಸತ್ತದ್ದು 1693ರ ಜನವರಿಯಲ್ಲಿ. ಆಮೇಲೆ ಅವನ ಅಳಿಯ ಗೋರಿ ಕಟ್ಟಿಸಿದ.

ಬಂಗಾಳದ ಆ ಬಯಲು ಪೂರಾ ಗಂಗೆಯ ಮೆಕ್ಕಲು ಮಣ್ಣು. ಅಲ್ಲಿ ಕಟ್ಟಡದ ಕಲ್ಲು ಸಿಗುವುದಿಲ್ಲ. ಹಾಗಾದ್ರೆ ಗೋರಿಯ ಮೇಲಿನ ಆ ಕಪ್ಪು ಕಲ್ಲಿನ ಚಪ್ಪಡಿ ಎಲ್ಲಿಂದ ಬಂತು? ಹಾಲೆಂಡ್ ಅದನ್ನು ಪರೀಕ್ಷೆ ಮಾಡಿದರು. ಒಳಗೆ ಬೆಣಚು ಇತ್ತು, ಫೆಲ್ಡ್‌ಸ್ಪಾರ್ ಇತ್ತು, ಕಬ್ಬಿಣದ ಅದಿರಿನ ಕಪ್ಪು ಕಾಳುಗಳಿದ್ದವು. ಇವೆಲ್ಲ ಮಾಮೂಲಿ. ಮಾಮೂಲಿ ಗ್ರಾನೈಟಿನಲ್ಲಿ ಇಲ್ಲದ ಇನ್ನೊಂದು ಖನಿಜವೂ ಇತ್ತು, ಹೈಪರ್ಸ್ತೀನ್. ಕಬ್ಬಿಣ, ಮೆಗ್ನೀಷಿಯಂ ಮತ್ತು ಸಿಲಿಕಾ ಸೇರಿ ಆದ ಖನಿಜ ಅದು. ಸೂಕ್ಷ್ಮದರ್ಶಕದಡಿ ತಿರುಗಿಸಿದರೆ ಗುಲಾಬಿಯಿಂದ ಹಸಿರಿಗೆ ಬಣ್ಣ ಬದಲಾಯಿಸುತ್ತದೆ. ಒಮ್ಮೆ ನೋಡಿದವರು ಮರೆಯುವುದಿಲ್ಲ.

ಇದೇ ಗುಣದ ಕಲ್ಲು ಮದರಾಸಿನ ಪಕ್ಕದ ಪಲ್ಲಾವರಂ ಮತ್ತು ಸೇಂಟ್ ಥಾಮಸ್ ಮೌಂಟ್ ಗುಡ್ಡಗಳದ್ದು. ಅಲ್ಲಿಂದಲೇ ಹಡಗಿನಲ್ಲಿ ಹೋದ ಕಲ್ಲು ಗೋರಿಯಾಗಿ ಕೂತಿತ್ತು. 1893ರಲ್ಲಿ ಹಾಲೆಂಡ್ ಕಲ್ಕತ್ತಾದ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಇದನ್ನು ಬರೆದು, ಚಾರ್ನಾಕನ ನೆನಪಿಗೆ ಕಲ್ಲಿಗೆ ಚಾರ್ನೊಕೈಟ್ ಅಂತ ಹೆಸರಿಟ್ಟರು.

ಇಲ್ಲೊಂದು ವಿಶೇಷ ಇದೆ. ಅದೇ ಪಲ್ಲಾವರಂನಲ್ಲಿ 1863ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಅದೇ ಇಲಾಖೆಯ ಅಧಿಕಾರಿಗೆ ಆದಿಮಾನವನ ಕಲ್ಲಿನ ಕೊಡಲಿ ಸಿಕ್ಕಿತ್ತು. ಫೂಟ್ ಸಾಹೇಬರು ನಮ್ಮ ಏರ್ಕಾಡಿನಲ್ಲೇ ಮನೆ ಮಾಡಿಕೊಂಡಿದ್ದವರು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಶುರುವಾದಾಗಲೂ ಅವರ ಕೈ ಇತ್ತು. ಒಂದೇ ಗುಡ್ಡ ಎರಡು ಶಾಸ್ತ್ರಗಳಿಗೆ ಅಡಿಪಾಯ ಆದದ್ದು ಹೀಗೆ.

ಸೇಲಂ ಜಿಲ್ಲೆಗೆ ಬಂದಾಗ

ಹಾಲೆಂಡ್ ಬರೀ ಕಪಾಟಿನ ಕಲ್ಲು ನೋಡಿಕೊಂಡು ಕೂತವರಲ್ಲ. ನೌಕರಿ ಸೇರಿದ ಎರಡೇ ವರ್ಷಕ್ಕೆ, 1892ರಲ್ಲಿ, ಸೇಲಂ ಜಿಲ್ಲೆಯ ಕಬ್ಬಿಣದ ಅದಿರು ಮತ್ತು ಕಬ್ಬಿಣದ ಕಸುಬಿನ ಬಗ್ಗೆ ಅವರ ಪ್ರಾಥಮಿಕ ವರದಿ ಇಲಾಖೆಯ ಪತ್ರಿಕೆಯಲ್ಲಿ ಬಂತು. ಆಗ ಧರ್ಮಪುರಿ, ಹರೂರು, ಕೃಷ್ಣಗಿರಿ, ಹೊಸೂರು ಎಲ್ಲ ಸೇಲಂ ಜಿಲ್ಲೆಗೇ ಸೇರಿದ್ದವು. ಧರ್ಮಪುರಿ ಬೇರೆ ಜಿಲ್ಲೆ ಆಗಿದ್ದು 1965ರಲ್ಲಿ, ಕೃಷ್ಣಗಿರಿ 2004ರಲ್ಲಿ.

ಸೇಲಂ ಪಕ್ಕದ ಕಂಜಮಲೈ, ನಮ್ಮ ಹರೂರು ಆಚೆಯ ತೀರ್ಥಮಲೈ ಇವೆಲ್ಲ ಕಾಂತಗುಣದ ಕಬ್ಬಿಣದ ಅದಿರಿನ ಬೆಟ್ಟಗಳು. ಹಾಲೆಂಡ್ ಬರುವ ಮೊದಲೇ, 1864ರಲ್ಲಿ, ಕಿಂಗ್ ಮತ್ತು ಫೂಟ್ ಈ ಅದಿರಿನ ಪಟ್ಟಿಗಳನ್ನು ಬೆಟ್ಟದ ಲೆಕ್ಕದಲ್ಲಿ ವಿಂಗಡಿಸಿ ಬರೆದಿದ್ದರು. ತೀರ್ಥಮಲೈಗೆ ದೇವರ ದರ್ಶನಕ್ಕೆ ಹೋಗುವ ನಮ್ಮ ಜನ ಹತ್ತುವ ಬೆಟ್ಟದ ಬುಡದಲ್ಲಿ ಕಬ್ಬಿಣ ಇದೆ ಅಂತ ಎಷ್ಟು ಜನಕ್ಕೆ ಗೊತ್ತು?

ಈ ಅದಿರನ್ನು ಇಲ್ಲಿನ ಹಳ್ಳಿಗರು ಸಾಹೇಬರು ಬರುವುದಕ್ಕೆ ಎಷ್ಟೋ ಕಾಲ ಮೊದಲೇ ಮಣ್ಣಿನ ಕುಲುಮೆ, ಇದ್ದಿಲು, ಚರ್ಮದ ತಿದಿ ಇಟ್ಟುಕೊಂಡು ಕರಗಿಸುತ್ತಿದ್ದರು. ಅದನ್ನು ನೋಡಿಯೇ ಜೋಸಯ್ಯ ಹೀತ್ ಎಂಬ ಕಂಪನಿ ಅಧಿಕಾರಿ ನೌಕರಿ ಬಿಟ್ಟು 1830ರ ಸುಮಾರಿಗೆ ಪರಂಗಿಪೇಟೆಯಲ್ಲಿ ದೊಡ್ಡ ಕಾರ್ಖಾನೆ ಹಾಕಿದ. ಸೇಲಂ ಅದಿರು ಅಲ್ಲಿಗೆ ಹೋಗುತ್ತಿತ್ತು. ಕುಲುಮೆಗೆ ಬೇಕಾದ ಇದ್ದಿಲಿಗೆ ಕಾಡು ಕಡಿಯಬೇಕು. ಕಾಡು ದೂರ ಹೋದಷ್ಟೂ ಖರ್ಚು ಏರುತ್ತದೆ. ಲೆಕ್ಕ ಕೂಡಿಬರದೆ ಕಾರ್ಖಾನೆ ಮುಚ್ಚಿತು. ಹಳ್ಳಿಯ ಕುಲುಮೆಗಳೂ ವಿಲಾಯತಿ ಕಬ್ಬಿಣ ಅಗ್ಗಕ್ಕೆ ಬಂದ ಮೇಲೆ ಒಂದೊಂದಾಗಿ ಆರಿಹೋದವು. ಹಾಲೆಂಡ್ ಬಂದಿದ್ದು ಆ ಕಸುಬು ಇಳಿಮುಖ ಆದ ಕಾಲಕ್ಕೆ.

ಕುರಂದ ಕಲ್ಲಿನ ಕಥೆಯೂ ಹಾಗೇ. ವಜ್ರ ಬಿಟ್ಟರೆ ಅತಿ ಗಟ್ಟಿಯಾದ ಖನಿಜಗಳಲ್ಲಿ ಅದೊಂದು. ಇಂಗ್ಲಿಷಿನ ಕೊರಂಡಮ್ ಅನ್ನುವ ಪದ ಹುಟ್ಟಿದ್ದೇ ನಮ್ಮ ಕಡೆಯ ಕುರುಂದಂ ಎಂಬ ಮಾತಿನಿಂದ. ಧರ್ಮಪುರಿ ಹತ್ತಿರದ ಪಾಪಾರಪಟ್ಟಿ ಕಡೆ ಅದು ಸಿಗುತ್ತದೆ. ಸಾಣೆ ಹಿಡಿಯುವವರು, ಹರಳು ಉಜ್ಜುವವರು ಅದನ್ನು ಬಳಸುತ್ತಿದ್ದರು. 1898ರಲ್ಲಿ ಹಾಲೆಂಡ್ ಇಡೀ ದೇಶದ ಕುರಂದದ ಬಗ್ಗೆ ಒಂದು ಕೈಪಿಡಿಯನ್ನೇ ಬರೆದರು. 1901ರಲ್ಲಿ ಕೊಯಮತ್ತೂರು ಸೀಮೆಯ ಕಾಂಗೇಯಂ ಹತ್ತಿರದ ಶಿವಮಲೈ ಗುಡ್ಡದ ಕಲ್ಲುಗಳ ಬಗ್ಗೆ ಇನ್ನೊಂದು ಗ್ರಂಥ ಬಂತು. ಅಲ್ಲಿ ಸಿಲಿಕಾ ಕಡಿಮೆ ಇದ್ದು, ಸೋಡಿಯಂ ಮತ್ತು ಅಲ್ಯೂಮಿನಿಯಂ ಜಾಸ್ತಿ ಇರುವ ಅಪರೂಪದ ಅಗ್ನಿಶಿಲೆಗಳಿವೆ. ಅಂಥ ಶಿಲಾರಸದಲ್ಲಿ ಸಿಲಿಕಾ ಸಾಲದೆ ಮಿಕ್ಕ ಅಲ್ಯೂಮಿನಾ ಬೇರೆಯಾಗಿ ಕುರಂದದ ಹರಳಾಗಿ ಕೂರುತ್ತದೆ. ಅಂಗಡಿಯ ಸಾಣೆಕಲ್ಲಿನ ಹಿಂದೆ ಇಷ್ಟು ರಸಾಯನ ಇದೆ.

ಬೆಟ್ಟ ತಪ್ಪಿಸಿ ಊರು ಉಳಿಸಿದ್ದು

ಹಾಲೆಂಡರ ಹೆಸರು ದೇಶಕ್ಕೆಲ್ಲ ಗೊತ್ತಾಗಿದ್ದು ಮಾತ್ರ ಚಾರ್ನೊಕೈಟ್‌ನಿಂದ ಅಲ್ಲ. 1893ರ ಸೆಪ್ಟೆಂಬರಿನಲ್ಲಿ ಹಿಮಾಲಯದ ಗಢವಾಲ್‌ನಲ್ಲಿ ಗೋಹ್ನಾ ಎಂಬಲ್ಲಿ ಇಡೀ ಬೆಟ್ಟದ ಮೈ ಕುಸಿದು ಬಿರಹಿ ಗಂಗಾ ನದಿಗೆ ಅಡ್ಡ ಬಿತ್ತು. ಸುಮಾರು 900 ಅಡಿ ಎತ್ತರದ ಮಣ್ಣು ಕಲ್ಲಿನ ಕಟ್ಟೆ ತಾನಾಗಿ ಎದ್ದಿತು. ಹಿಂದೆ ನೀರು ತುಂಬುತ್ತಾ ಹೋಯಿತು. ಕೆಳಗೆ ಅಲಕನಂದಾ ದಂಡೆಯಲ್ಲಿ ಶ್ರೀನಗರ ಪಟ್ಟಣ, ಇನ್ನೂ ಕೆಳಗೆ ಹರಿದ್ವಾರ.

ನೋಡಿ ಬರಲು ಕಳಿಸಿದ್ದು 25 ವರ್ಷದ ಹಾಲೆಂಡರನ್ನು. ಅವರು ಕುಸಿದ ಕಲ್ಲಿನ ಗುಣ, ಕೊಳ್ಳದ ಅಗಲ, ನೀರು ಏರುವ ವೇಗ ಎಲ್ಲ ಲೆಕ್ಕ ಹಾಕಿ, ಮಳೆಗಾಲದ ನೀರು ಬಂದ ಮೇಲೆ 1894ರ ಆಗಸ್ಟ್ ಮಧ್ಯದ ಹೊತ್ತಿಗೆ ಕಟ್ಟೆ ತುಂಬಿ ಹರಿಯುತ್ತದೆ ಅಂತ ಅಂದಾಜು ಕೊಟ್ಟರು. ಸರ್ಕಾರ ಅದನ್ನು ನಂಬಿತು. ಗೋಹ್ನಾದಿಂದ ಹರಿದ್ವಾರದವರೆಗೆ ತಂತಿ ಎಳೆಸಿತು. ದಂಡೆಯ ಜನರನ್ನು ಎತ್ತರಕ್ಕೆ ಸಾಗಿಸಿತು.

ಆಗಸ್ಟ್ 25ರಂದು ನೀರು ಕಟ್ಟೆಯ ಮೇಲೆ ಹರಿಯಿತು. ಆ ರಾತ್ರಿ ಕಟ್ಟೆ ಒಡೆಯಿತು. ಶ್ರೀನಗರ ಪಟ್ಟಣ ಕೊಚ್ಚಿಹೋಯಿತು. ಸತ್ತವರು ಐದೇ ಜನ. ಒಬ್ಬ ಫಕೀರ ಮತ್ತು ಅವನ ಮನೆಯವರು. ಅವರನ್ನೂ ಎಬ್ಬಿಸಿ ಕಳಿಸಲಾಗಿತ್ತು, ವಾಪಸ್ ಬಂದು ಕೂತಿದ್ದರು. ಒಂದೆರಡು ವಾರದ ಹೆಚ್ಚುಕಮ್ಮಿಯಲ್ಲಿ ಲೆಕ್ಕ ನಿಜವಾಗಿತ್ತು. ಕಲ್ಲು ಓದುವ ವಿದ್ಯೆಗೆ ಸಾವಿರಾರು ಜನರ ಜೀವದ ಬೆಲೆ ಇದೆ ಅಂತ ಅವತ್ತು ಗೊತ್ತಾಯಿತು. ಕೇದಾರನಾಥ, ವಯನಾಡು ನೋಡಿದ ನಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

1900ರ ಗ್ರಂಥ

ಚಾರ್ನೊಕೈಟ್ ಕಥೆಗೆ ವಾಪಸ್ ಬರೋಣ. ಹೆಸರಿಟ್ಟ ಮೇಲೆ ಹಾಲೆಂಡ್ ಸುಮ್ಮನಾಗಲಿಲ್ಲ. ದಕ್ಷಿಣ ಭಾರತದ ಬೆಟ್ಟಗಳಿಂದ ಕಲ್ಲು ತರಿಸಿ, ತಂದು, ತಿಕ್ಕಿ, ಕರಗಿಸಿ ನೋಡಿದರು. ಶೇರ್ವರಾಯನ್, ನೀಲಗಿರಿ, ಪಳನಿ ಬೆಟ್ಟಗಳು, ಕೊಡಗು. ಎಲ್ಲಿ ನೋಡಿದರೂ ಅದೇ ಎಣ್ಣೆ ಸವರಿದಂಥ ಹೊಳಪು, ಅದೇ ಕಂದು ಹಸಿರು ಛಾಯೆ, ಅದೇ ಹೈಪರ್ಸ್ತೀನ್. 1900ರಲ್ಲಿ ಇಲಾಖೆಯ ಗ್ರಂಥಮಾಲೆಯಲ್ಲಿ ಚಾರ್ನೊಕೈಟ್ ಸರಣಿ ಎಂಬ ಅವರ ಪ್ರಬಂಧ ಬಂತು. ಇವತ್ತಿಗೂ ಈ ವಿಷಯದ ಯಾವ ಪುಸ್ತಕ ತೆಗೆದರೂ ಮೊದಲ ಸಾಲುಗಳಲ್ಲಿ ಅದರ ಪ್ರಸ್ತಾಪ ಇರುತ್ತದೆ.

ಅವರು ಹೇಳಿದ್ದು ಸ್ಥೂಲವಾಗಿ ಇಷ್ಟು. ಈ ಬೆಟ್ಟಗಳಲ್ಲಿ ಒಂದೇ ಬಗೆಯ ಕಲ್ಲಿಲ್ಲ. ಒಂದು ತುದಿಯಲ್ಲಿ ಗ್ರಾನೈಟಿನ ಹಾಗೆ ಮುಕ್ಕಾಲು ಪಾಲು ಸಿಲಿಕಾ ಇರುವ ಕಲ್ಲು. ಇನ್ನೊಂದು ತುದಿಯಲ್ಲಿ ಸಿಲಿಕಾ ಅರ್ಧದ ಆಸುಪಾಸಿಗೆ ಇಳಿದ, ಕಬ್ಬಿಣ ಮೆಗ್ನೀಷಿಯಂ ತುಂಬಿದ ಕರಿ ಕಲ್ಲು. ನಡುವೆ ಮೆಟ್ಟಿಲು ಮೆಟ್ಟಿಲಾಗಿ ಬೇರೆ ಬೇರೆ. ಎಲ್ಲವನ್ನೂ ಒಂದೇ ಮನೆತನಕ್ಕೆ ಸೇರಿಸುವ ಗುರುತು ಹೈಪರ್ಸ್ತೀನ್. ಆದ್ದರಿಂದ ಇವೆಲ್ಲ ಭೂಮಿಯ ಆಳದಲ್ಲಿ ಒಂದೇ ಶಿಲಾರಸ ಆರುತ್ತಾ ಬಂದಾಗ ಹಂತಹಂತವಾಗಿ ಗಟ್ಟಿಯಾದ ಅಗ್ನಿಶಿಲೆಗಳು ಎಂಬುದು ಅವರ ತೀರ್ಮಾನ.

ಸಾಮಾನ್ಯ ಓದುಗರಿಗೆ ಒಂದು ಮಾತು. ನಮ್ಮಲ್ಲಿ ಬ್ಲ್ಯಾಕ್ ಗ್ರಾನೈಟ್ ಅಂತ ಲಾರಿಯಲ್ಲಿ ಹೋಗುವ ಕಪ್ಪು ದಿಮ್ಮಿಗಳೆಲ್ಲ ಚಾರ್ನೊಕೈಟ್ ಅಲ್ಲ. ಅವು ಹೆಚ್ಚಾಗಿ ಹಳೆ ಬಿರುಕುಗಳಲ್ಲಿ ನುಗ್ಗಿ ಗಟ್ಟಿಯಾದ ಡಾಲರೈಟ್ ಎಂಬ ಬೇರೆ ಕಲ್ಲು. ಚಾರ್ನೊಕೈಟ್ ಹೆಚ್ಚಾಗಿ ಹೋಗುವುದು ಜಲ್ಲಿ ಕ್ರಷರಿಗೆ, ಪಾಯಕ್ಕೆ, ರೈಲು ಹಳಿಯಡಿಗೆ. ಕನ್ಯಾಕುಮಾರಿಯ ವಿವೇಕಾನಂದ ಬಂಡೆ ಕೂಡ ಇದೇ ಕುಲದ್ದು.

ದೊಡ್ಡ ಕುರ್ಚಿ, ಒಂದು ಅನ್ಯಾಯ

1903ರಲ್ಲಿ ಹಾಲೆಂಡ್ ಇಲಾಖೆಯ ಡೈರೆಕ್ಟರ್ ಆದರು. ವಯಸ್ಸು 34. ಮರುವರ್ಷವೇ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ. ಕೇಳಲು ಚೆನ್ನಾಗಿದೆ. ಆದರೆ ಈ ಬಡ್ತಿಯ ಇನ್ನೊಂದು ಬದಿಯನ್ನೂ ಬರೆಯಬೇಕು.

ಇಲಾಖೆಯಲ್ಲಿ ಪ್ರಮಥನಾಥ ಬೋಸ್ ಎಂಬ ಬಂಗಾಳಿ ಅಧಿಕಾರಿ ಇದ್ದರು. ಹಾಲೆಂಡರಿಗಿಂತ 13 ವರ್ಷ ದೊಡ್ಡವರು. 1880ರಲ್ಲೇ ಸೇರಿದವರು, ಅಂದ್ರೆ ಹಾಲೆಂಡರಿಗಿಂತ ಹತ್ತು ವರ್ಷ ಸೀನಿಯರ್. ಅವರನ್ನು ದಾಟಿ ಕುರ್ಚಿ ಹಾಲೆಂಡರಿಗೆ ಹೋಯಿತು. ಬೋಸ್ ನೌಕರಿಯನ್ನೇ ಬಿಟ್ಟು ಹೊರಟರು. ಹಾಲೆಂಡ್ ವಿದ್ಯೆಯಲ್ಲಿ ಕಡಿಮೆಯವರು ಅಂತ ಯಾರೂ ಹೇಳುವ ಹಾಗಿಲ್ಲ. ಆದರೆ ಆ ಕಾಲದಲ್ಲಿ ಭಾರತೀಯನೊಬ್ಬ ಆ ಕುರ್ಚಿಯಲ್ಲಿ ಕೂರುವುದು ಆಗದ ಮಾತಾಗಿತ್ತು ಎಂಬುದನ್ನು ಮುಚ್ಚಿಡುವುದು ಸರಿಯಲ್ಲ.

ಬೋಸ್ ಮಯೂರಭಂಜ ಸಂಸ್ಥಾನದಲ್ಲಿ ಕೆಲಸಕ್ಕೆ ಸೇರಿ, ಗೋರುಮಹಿಸಾನಿಯಲ್ಲಿ ಕಬ್ಬಿಣದ ಅದಿರಿನ ದೊಡ್ಡ ನಿಕ್ಷೇಪ ಕಂಡುಹಿಡಿದರು. 1904ರ ಫೆಬ್ರವರಿ 24ರಂದು ಜಮ್‌ಶೆಟ್‌ಜಿ ಟಾಟಾ ಅವರಿಗೆ ಪತ್ರ ಬರೆದರು. 1907ರಲ್ಲಿ ಟಾಟಾ ಉಕ್ಕಿನ ಕಂಪನಿ ಹುಟ್ಟಿದ್ದು ಆ ಪತ್ರದ ಬೆನ್ನಲ್ಲೇ. ಕೈತಪ್ಪಿದ ಬಡ್ತಿ ದೇಶಕ್ಕೆ ಒಂದು ಉಕ್ಕಿನ ಊರನ್ನೇ ಕೊಟ್ಟಿತು ಅನ್ನಬಹುದು. ಆದರೆ ಅದರಿಂದ ಅನ್ಯಾಯ ನ್ಯಾಯ ಆಗುವುದಿಲ್ಲ.

ಡೈರೆಕ್ಟರ್ ಆಗಿ ಹಾಲೆಂಡ್ ಮಾಡಿದ ಕೆಲಸ ಸಣ್ಣದಲ್ಲ. ದೇಶದ ಖನಿಜ ಉತ್ಪಾದನೆಯ ಲೆಕ್ಕವನ್ನು ಐದೈದು ವರ್ಷಕ್ಕೊಮ್ಮೆ ಪ್ರಕಟಿಸುವ ಪದ್ಧತಿ ತಂದರು. 1906ರಲ್ಲಿ ಗಣಿ ಮತ್ತು ಭೂವಿಜ್ಞಾನದವರ ಸಂಘ ಕಲ್ಕತ್ತಾದಲ್ಲಿ ಶುರುವಾದಾಗ ಮೊದಲ ಅಧ್ಯಕ್ಷರು ಅವರೇ. ಅದೇ ವರ್ಷ ಫರ್ಮರ್ ಎಂಬ ಅವರ ಕಿರಿಯ ಸಹೋದ್ಯೋಗಿ ಮಧ್ಯಭಾರತದ ಝಾಬುವಾ ಸೀಮೆಯ ಕಾಜಲಿಡೋಂಗ್ರಿ ಗಣಿಯ ಒಂದು ಹೊಸ ಮ್ಯಾಂಗನೀಸ್ ಖನಿಜಕ್ಕೆ ಹಾಲೆಂಡೈಟ್ ಅಂತ ಹೆಸರಿಟ್ಟರು. ಸತ್ತ ವ್ಯಾಪಾರಿಯ ಹೆಸರನ್ನು ಕಲ್ಲಿಗೆ ಇಟ್ಟವರ ಹೆಸರೇ ಇನ್ನೊಂದು ಖನಿಜಕ್ಕೆ ಹೋಯಿತು. ಆ ಖನಿಜದ ಒಳರಚನೆ ದೊಡ್ಡ ಪರಮಾಣುಗಳನ್ನು ಬಿಗಿಯಾಗಿ ಹಿಡಿದಿಡುತ್ತದೆ. ಅದಕ್ಕೇ 1970ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದವರು ಅಣು ವಿದ್ಯುತ್ತಿನ ತ್ಯಾಜ್ಯವನ್ನು ಬಂಧಿಸಿಡಲು ಕೃತಕ ಕಲ್ಲು ತಯಾರಿಸುವಾಗ ಅದೇ ಮಾದರಿ ಬಳಸಿದರು.

ಜಂಬಿಟ್ಟಿಗೆ ಮಣ್ಣು ಹೇಗಾಗುತ್ತದೆ ಎಂಬುದರ ಬಗ್ಗೆ 1903ರಲ್ಲಿ ಬರೆದರು. ರಾಜಸ್ಥಾನದ ಸಾಂಭರ್ ಕೆರೆಗೆ ಉಪ್ಪು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ, ಕಛ್‌ನ ರಣದಿಂದ ಬೇಸಿಗೆ ಗಾಳಿ ಹೊತ್ತು ತರುತ್ತದೆ ಅಂತ ಕ್ರಿಸ್ಟಿ ಎಂಬವರ ಜೊತೆ 1909ರಲ್ಲಿ ಉತ್ತರ ಕೊಟ್ಟರು.

ಕೊನೆಯ ವರ್ಷಗಳು

1909ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಪ್ರೊಫೆಸರ್ ಆಗಿ ಇಂಗ್ಲೆಂಡಿಗೆ ಹೋದರೂ ಭಾರತ ಅವರನ್ನು ಬಿಡಲಿಲ್ಲ. ಮೊದಲ ಮಹಾಯುದ್ಧದ ಸಮಯದಲ್ಲಿ, 1916ರಲ್ಲಿ, ಭಾರತದ ಕೈಗಾರಿಕಾ ಆಯೋಗದ ಅಧ್ಯಕ್ಷರಾಗಿ ವಾಪಸ್ ಬಂದರು. ಸದಸ್ಯರಲ್ಲಿ ಮದನ ಮೋಹನ ಮಾಳವೀಯ ಇದ್ದರು, ದೊರಾಬ್‌ಜಿ ಟಾಟಾ ಇದ್ದರು. ಮದರಾಸಿನಲ್ಲಿ ಅಲ್ಯೂಮಿನಿಯಂ ಪಾತ್ರೆ ಉದ್ಯಮಕ್ಕೆ ದಾರಿ ಹಾಕಿ, ಮೈಸೂರಿನಲ್ಲೂ ಕೆಲಸ ಮಾಡಿದ ಆಲ್‌ಫ್ರೆಡ್ ಚಾಟರ್‌ಟನ್ ಇದ್ದರು. 1918ರ ವರದಿ ಕೈಗಾರಿಕೆ ಬೆಳೆಸುವುದು ಸರ್ಕಾರದ ಹೊಣೆಯೂ ಹೌದು ಅಂತ ಒಪ್ಪಿಕೊಂಡಿತು. ಮಾಳವೀಯರು ಅಷ್ಟು ಸಾಲದು ಅಂತ ಪ್ರತ್ಯೇಕ ಟಿಪ್ಪಣಿ ಬರೆದರು.

1920ರಲ್ಲಿ ವೈಸರಾಯ್ ಕೌನ್ಸಿಲಿನ ಸದಸ್ಯರಾದರು. ಮರುವರ್ಷವೇ ಎಡವಿದರು. ಯುದ್ಧ ಸಾಮಗ್ರಿ ಖರೀದಿಗೆ ಸೇರಿದ ಕಲ್ಕತ್ತಾದ ಒಂದು ವಂಚನೆ ಮೊಕದ್ದಮೆಯನ್ನು ವಾಪಸ್ ಪಡೆಯಲು ಅವರು ಒಪ್ಪಿದ್ದು ದೊಡ್ಡ ಗಲಾಟೆಗೆ ಕಾರಣವಾಯಿತು. ವೈಸರಾಯ್ ಅದನ್ನು ಸಮರ್ಥಿಸಲಿಲ್ಲ. 1921ರಲ್ಲಿ ಹಾಲೆಂಡ್ ರಾಜೀನಾಮೆ ಕೊಟ್ಟರು. ಒಂದು ವರ್ಷ ಕಳೆಯುವಷ್ಟರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಮುಖ್ಯಸ್ಥರಾದರು, 1929ರಿಂದ 1944ರವರೆಗೆ ಎಡಿನ್‌ಬರೋ ವಿಶ್ವವಿದ್ಯಾಲಯದ ಪ್ರಿನ್ಸಿಪಾಲರಾಗಿದ್ದರು. ಕಲ್ಲಿನ ಲೆಕ್ಕದಲ್ಲಿ ಅಷ್ಟು ಗಟ್ಟಿಯಿದ್ದವರು ರಾಜಕೀಯದ ಲೆಕ್ಕದಲ್ಲಿ ತಪ್ಪಿದ್ದರು.

ಕನ್ನಡನಾಡಿನಲ್ಲಿ ಸಿಕ್ಕ ಉತ್ತರ

ಹಾಲೆಂಡ್ ಬದುಕಿದ್ದಾಗಲೇ ಅವರ ಅಗ್ನಿಶಿಲೆ ವಾದಕ್ಕೆ ಎದುರು ಮಾತು ಶುರುವಾಗಿತ್ತು. ಈ ಕಲ್ಲುಗಳು ಶಿಲಾರಸದಿಂದ ನೇರ ಆದವಲ್ಲ, ಮೊದಲೇ ಇದ್ದ ಕಲ್ಲುಗಳು ಆಳದ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಮಾರ್ಪಟ್ಟವು ಎಂಬುದು ಎದುರು ಪಕ್ಷ. ಮೈಸೂರು ಸಂಸ್ಥಾನದ ಭೂವಿಜ್ಞಾನಿ ಬಿ. ರಾಮರಾವ್ 1945ರಲ್ಲಿ ಮೈಸೂರು ಸೀಮೆಯ ಚಾರ್ನೊಕೈಟ್‌ಗಳ ಬಗ್ಗೆಯೇ ಒಂದು ಪುಸ್ತಕ ತಂದರು. ಸಿ. ಎಸ್. ಪಿಚ್ಚಮುತ್ತು 1953ರಲ್ಲಿ ಇಡೀ ಸಮಸ್ಯೆಯನ್ನು ಒಂದೆಡೆ ಕೂಡಿಸಿ ಬರೆದರು.

ಸಾಕ್ಷಿ ಸಿಕ್ಕಿದ್ದು ಕನಕಪುರ ಕಡೆಯ ಕಬ್ಬಾಳದುರ್ಗದ ಒಂದು ಕಲ್ಲಿನ ಕ್ವಾರಿಯಲ್ಲಿ. ಅಲ್ಲಿನ ಬೂದು ಬಣ್ಣದ ನೈಸ್ ಕಲ್ಲಿನ ನಡುವೆ ಬಿರುಕಿನ ಗುಂಟ ಕಂದು ಹಸಿರು ತೇಪೆಗಳು. ತೇಪೆಯೊಳಗೆ ಹೈಪರ್ಸ್ತೀನ್, ಹೊರಗೆ ಇಲ್ಲ. ಅಂದ್ರೆ ಒಂದೇ ಬಂಡೆಯಲ್ಲಿ ಹಳೆ ಕಲ್ಲು ಅರ್ಧ ಬದಲಾಗಿ, ಅರ್ಧ ಬದಲಾಗದೆ ನಿಂತಿತ್ತು. ಹಿಟ್ಟಿನ ಮೇಲೆ ಎಣ್ಣೆ ಇಳಿದಷ್ಟು ಜಾಗ ಬಣ್ಣ ತಿರುಗಿದ ಹಾಗೆ. 1960ರಲ್ಲಿ ಪಿಚ್ಚಮುತ್ತು ಇದನ್ನು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಚಾರ್ನೊಕೈಟ್ ತಯಾರಾಗುತ್ತಿರುವ ಹಂತದಲ್ಲೇ ಸಿಕ್ಕಿಬಿದ್ದಿದೆ ಎಂಬುದು ಅದರ ತಾತ್ಪರ್ಯ.

ಮುಂದೆ ಮೈಸೂರು ವಿಶ್ವವಿದ್ಯಾಲಯದ ಎ. ಎಸ್. ಜನಾರ್ದನ್, ಅಮೆರಿಕದ ನ್ಯೂಟನ್ ಮತ್ತು ಹ್ಯಾನ್ಸನ್ ಕೂಡಿ ದಕ್ಷಿಣ ಕರ್ನಾಟಕ ಮತ್ತು ಉತ್ತರ ತಮಿಳುನಾಡಿನ ಈ ಗಡಿ ಪಟ್ಟಿಯನ್ನು ಅಳೆದರು. 1982ರಲ್ಲಿ ಅವರ ಪ್ರಬಂಧ ಬಂತು. ಸುಮಾರು 250 ಕೋಟಿ ವರ್ಷದ ಹಿಂದೆ, ಹದಿನೈದು ಇಪ್ಪತ್ತು ಕಿಲೋಮೀಟರ್ ಆಳದಲ್ಲಿ, 700 ಡಿಗ್ರಿ ದಾಟಿದ ಶಾಖದಲ್ಲಿ, ಕೆಳಗಿನಿಂದ ಏರಿದ ಇಂಗಾಲಾಮ್ಲ ಕಲ್ಲಿನ ಒಳಗಿನ ನೀರಿನಂಶವನ್ನು ಓಡಿಸಿತು. ನೀರಿನಂಶ ಇರುವ ಅಭ್ರಕ, ಹಾರ್ನ್‌ಬ್ಲೆಂಡ್ ಖನಿಜಗಳು ಒಡೆದು ನೀರಿಲ್ಲದ ಹೈಪರ್ಸ್ತೀನ್ ಹುಟ್ಟಿತು ಎಂಬುದು ಅವರ ವಿವರಣೆ. ಕೃಷ್ಣಗಿರಿಯಿಂದ ಧರ್ಮಪುರಿ ಕಡೆ ಬರುತ್ತಾ ನೈಸ್ ಕಲ್ಲು ಕಡಿಮೆಯಾಗಿ ಚಾರ್ನೊಕೈಟ್ ಜಾಸ್ತಿಯಾಗುವುದು ಇದೇ ಕಾರಣಕ್ಕೆ. ಅಲ್ಲಿ ಭೂಮಿಯ ಮೇಲಿನ ಪದರ, ಇಲ್ಲಿ ಅದರ ಕೆಳಗಿನ ಪದರ ಸವೆದು ಹೊರಬಿದ್ದಿದೆ. ನಾವು ಬಸ್ಸಿನಲ್ಲಿ ಒಂದು ಗಂಟೆ ಕೂತರೆ ಭೂಮಿಯ ಆಳಕ್ಕೆ ಕಿಲೋಮೀಟರ್‌ಗಟ್ಟಲೆ ಇಳಿದ ಹಾಗೆ.

ಹಾಗಂತ ಹಾಲೆಂಡ್ ಪೂರ್ತಿ ಸೋತರು ಅನ್ನುವಂತಿಲ್ಲ. ನೇರ ಶಿಲಾರಸದಿಂದ ಆದ ಚಾರ್ನೊಕೈಟ್‌ಗಳೂ ಲೋಕದಲ್ಲಿವೆ. ಅಗ್ನಿಶಿಲೆಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಆ ಹೆಸರು ಇನ್ನೂ ಇದೆ. ಶ್ರೀಲಂಕಾ, ಮಡಗಾಸ್ಕರ್, ಅಂಟಾರ್ಕ್ಟಿಕಾದಲ್ಲಿ ಇದೇ ಕಲ್ಲು ಸಿಕ್ಕಿದ್ದು, ಈ ಭೂಭಾಗಗಳೆಲ್ಲ ಒಂದಾಗಿದ್ದವು ಎಂಬ ಮಾತಿಗೆ ಬಲ ಕೊಟ್ಟಿದೆ. ಸೇಂಟ್ ಥಾಮಸ್ ಮೌಂಟಿನ ಚಾರ್ನೊಕೈಟ್ ಬಂಡೆಯನ್ನು ಅವರದ್ದೇ ಇಲಾಖೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ.

ಲೆಕ್ಕ ಮುಗಿದಿಲ್ಲ

ಹಾಲೆಂಡರ ಜಮಾ ಕಡೆ ಬರೆಯಲು ಬಹಳ ಇದೆ. ಗೋಹ್ನಾದಲ್ಲಿ ಉಳಿದ ಜೀವಗಳು, 1900ರ ಗ್ರಂಥ, ಕಲ್ಲನ್ನು ಲೆಕ್ಕದಿಂದ ನೋಡಬೇಕು ಎಂಬ ಶಿಸ್ತು. ಅವರ ವಿವರಣೆಯನ್ನು ತಿದ್ದಿದವರು ಕೂಡ ಅವರು ಗುರುತಿಸಿದ ಖನಿಜವನ್ನೇ ಹಿಡಿದು ತಿದ್ದಿದರು. ಖರ್ಚಿನ ಕಡೆ ಬೋಸ್ ಅವರ ಕುರ್ಚಿ ಇದೆ, 1921ರ ಮೊಕದ್ದಮೆ ಇದೆ.

ಯಾವ ಕಡೆಗೂ ಬರೆಯಲಾಗದ ಒಂದು ಬಾಕಿಯೂ ಉಳಿದಿದೆ. ತೀರ್ಥಮಲೈ ಕಡೆ ಅದಿರು ಕರಗಿಸಿದವರು, ಪಾಪಾರಪಟ್ಟಿ ಕಡೆ ಹೊಲದಲ್ಲಿ ಕುರಂದ ಆಯ್ದವರು, ಪಲ್ಲಾವರಂ ಗುಡ್ಡದಲ್ಲಿ ಚಾರ್ನಾಕನ ಗೋರಿಗೆ ಚಪ್ಪಡಿ ಸೀಳಿದ ಕಲ್ಲುಕುಟಿಗರು, ಇವರ ಕೈಗೆ ಈ ಕಲ್ಲುಗಳ ಗುಣ ಮೊದಲೇ ಗೊತ್ತಿತ್ತು. ಅವರಲ್ಲಿ ಒಬ್ಬರ ಹೆಸರೂ ಯಾವ ಕಲ್ಲಿಗೂ ಸಿಗಲಿಲ್ಲ.

ಹೆಸರು ಬದಲಿಸಿ ಅಂತ ಯಾರೂ ಕೇಳುತ್ತಿಲ್ಲ. ಆದರೆ ಕ್ರಷರ್ ಮುಂದೆ ರಾಶಿ ಬಿದ್ದ ಜಲ್ಲಿಯಲ್ಲಿ ಎಣ್ಣೆ ಹೊಳಪಿನ ಕಂದು ಹಸಿರು ತುಂಡು ಕಂಡರೆ, ನಮ್ಮ ಮಕ್ಕಳಿಗೆ ಕೈಯಲ್ಲಿ ಕೊಟ್ಟು ತೋರಿಸಬಹುದು. ಇದು 250 ಕೋಟಿ ವರ್ಷದ್ದು, ನಮ್ಮ ಕಾಲಡಿಯದ್ದು, ಇದರ ಗುಟ್ಟು ಅರ್ಧ ಕಲ್ಕತ್ತಾದಲ್ಲೂ ಅರ್ಧ ಕಬ್ಬಾಳದಲ್ಲೂ ಬಿಚ್ಚಿಕೊಂಡಿತು ಅಂತ ಹೇಳಬಹುದು. ಅಷ್ಟು ಹೇಳಲು ನಮಗೆ ಯಾವ ಸೂಕ್ಷ್ಮದರ್ಶಕವೂ ಬೇಕಿಲ್ಲ.